ತವರಿಗೆ ಬಂದ ಹಸಿ ಮೆಣಸಿನಕಾಯಿ

ಬಳ್ಳಾರಿಯ ಬಿಸಿಲಲ್ಲಿ ಬೆಳೆದ ನಾನು ಮದುವೆಯಾಗಿ ಹುಣಸೂರಿಗೆ ಬಂದಾಗ ಸಿಕ್ಕವರೆಲ್ಲ ಕೇಳುತ್ತಿದ್ದುದು ಒಂದೇ: "ನಮ್ಮೂರ ಹವಾ ಒಗ್ಗಿತೇನವ್ವ?"

ಹೇಗೆ ಒಗ್ಗೀತು? ಸೂರ್ಯ ಇಲ್ಲಿ ಬಾಗಿಲಲ್ಲೇ ಮುಖ ತೋರಿಸಿ, ಕೂರದೆ ಹೊರಟುಬಿಡುವ ನೆಂಟ. ಒಣಹಾಕಿದ ಮಜ್ಜಿಗೆ ಮೆಣಸಿನಕಾಯಿ ವಾರವಾದರೂ ಮೆತ್ತಗೇ ಇತ್ತು.

ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಇರಬಾರದೆಂದು ನನ್ನನ್ನು ತವರಿಗೆ ಹೊರಡಿಸಿದರು. ಗಾಡಿ ಹತ್ತುವಾಗ ಅತ್ತೆ ಆ ಮೆಣಸಿನಕಾಯಿಯ ಗಂಟನ್ನೂ ಮಡಿಲಿಗಿಟ್ಟರು. "ಎಂಗೂ ಓಯ್ತಿದೀಯಲ್ಲ, ಅಲ್ಲೇ ಒಣಗಿಸ್ಕಂಡು ಬಾ ಕಣವ್ವ."

ಬಳ್ಳಾರಿಯ ಅಂಗಳದಲ್ಲಿ ಅದು ನೋಡನೋಡುತ್ತಲೇ ಗರಿಗರಿಯಾಯಿತು. ನಾನು ಮಾತ್ರ ನೆರಳು ಬಿಟ್ಟು ಕದಲಲಿಲ್ಲ. "ಯವ್ವಾ, ಏನ್ ಬಿಸಿಲಿದು! ಮನುಷ್ಯರು ಹೆಂಗ ಬದುಕ್ತಾರ?" ಎಂದೆ.

ಅವ್ವ ಬೀಸಣಿಗೆ ತಂದು ಕೈಗಿತ್ತಳು. "ಶ್ರಾವಣದ ತನಕ ತಡಕೊಳ್ರೀ, ಹುಣಸೂರಿನೋರೇ!"