ಗಂಟು ನಂದಲ್ಲ

ಕಾಕುವಿನ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಸುತ್ತಲೂ ಒಂದು ಗೀರಿತ್ತು. ಗಂಡ ತೀರಿದಾಗ ಕಾಲುಂಗುರ ತೆಗೆದ ಗುರುತು ಎಂದುಕೊಂಡಿದ್ದೆ. ಅವ್ವ ನಕ್ಕಳು. "ಕಾಲುಂಗುರ ಆ ಬೆರಳಿಗೆ ಹಾಕ್ತಾರೇನ ಹುಚ್ಚಿ? ಅದು ದಾರದ ಗುರುತು." ಸರ ಪೋಣಿಸುವಾಗ ದಾರದ ಒಂದು ತುದಿಯನ್ನು ಆ ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿಯುತ್ತಿದ್ದರು.

ಕಲ್ಯಾಣದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಚಾಳಿನ ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ವಿಜಾಪುರ ಕಡೆಯ ಪತ್ತಾರರ, ಅಕ್ಕಸಾಲಿಗರ ಮಗಳು. ಗಂಡ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಮಾಲು ಹೊರುತ್ತಿದ್ದವರು, ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದರು. ಊರಿನಿಂದ ಅಣ್ಣ ತನ್ನ ಕೈಯಾರೆ ಮಾಡಿದ ಬೆಳ್ಳಿ ಗುಂಡುಗಳನ್ನು ಕಳಿಸುತ್ತಿದ್ದ. ಅವುಗಳ ಒಳಗೆ ಅರಗು ತುಂಬಿರುತ್ತಿತ್ತು. ಕಾಕು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಅರಗು ಸಡಿಲಾಗಿ ಒಳಗೆ ಸದ್ದಾದದ್ದನ್ನು ಬದಿಗಿಡುತ್ತಿದ್ದರು. ಸರದ ನಕ್ಷೆಗೆ ಕಾಗದ ಬೇಕಿರಲಿಲ್ಲ. ಕರಿ ಬಟ್ಟೆಯ ಮೇಲೆ ದೊಡ್ಡ ಗುಂಡಿಗೆ ಕಡಲೆ, ಸಣ್ಣದಕ್ಕೆ ಜೋಳ, ಹವಳ ಬರುವಲ್ಲಿ ತೊಗರಿಬೇಳೆ ಇಟ್ಟು, ಮನಸ್ಸಿಗೆ ಬರುವ ತನಕ ಸರಿಸಿ ಸರಿಸಿ ನೋಡುತ್ತಿದ್ದರು. ಮರುದಿನ ಅದೇ ಕಾಳು ಒಲೆಯ ಮೇಲೆ. "ಬಾ, ಸರ ಉಣ್ಣಾಕ" ಎಂದು ನನ್ನನ್ನು ಕೂಗುವರು.

ಗಿರಾಕಿಗಳೆಲ್ಲ ನಮ್ಮ ಕಡೆಯ ಮದುವೆ ಮನೆಯವರೇ. ಆದರೆ ಮದುಮಗಳ ಹೊಸ ಸರಕ್ಕೆ ಕೊನೆಯ ಗಂಟು ಮುತ್ತೈದೆಯೇ ಹಾಕಬೇಕು. ಕಾಕು ಎರಡು ತುದಿಗಳನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಆ ಮುತ್ತೈದೆಯ ಕೈಗೆ ಕೊಡುವರು. "ಪೋಣಿಸಿದ್ದು ನಂದು. ಗಂಟು ನಂದಲ್ಲ."

ಒಮ್ಮೆ, ಗುಂಡು ಜಾರಬಾರದೆಂದು ಕಾಕು ಒಂದು ತಾತ್ಕಾಲಿಕ ಗಂಟು ಹಾಕಿಟ್ಟಿದ್ದರು. ತುರ್ಭೆಯಿಂದ ಬಂದ ಮದುಮಗಳ ತಾಯಿ ಅದನ್ನು ಕಂಡಳು. "ಈ ಗಂಟು ಯಾರ ಹಾಕಿದ್ದು?"

"ನಾನs. ಬಿಚ್ಚಿ ಕೊಡ್ತೀನಿ, ತರ್ರಿ."

"ಬಿಚ್ಚಿದ್ರ ಹೋಗ್ತದೇನು? ನನ್ನ ಮಗಳು ಮುತ್ತೈದಿಯಾಗಿ ಬಾಳೇ ಮಾಡಾಕಿ ಅದಾಳ!"

ಅಲ್ಲೇ ಕತ್ತರಿ ತಗೊಂಡು ದಾರ ಕತ್ತರಿಸಿ ಸರವನ್ನು ಬಿಟ್ಟು ಹೋದಳು. ಗುಂಡುಗಳು ನೆಲದ ತುಂಬ ಉರುಳಿದವು. ನಾನು ಆರಿಸಲು ಕೂತೆ. ಕಾಕು ಹೇಳಿದ್ದು ಇಷ್ಟೇ: "ಹಾಸಿಗಿ ಕೆಳಗೂ ನೋಡವಾ, ಸಣ್ಣವು ಅಲ್ಲೇ ಹೋಗ್ತಾವ." ಆಮೇಲೆ ಹೊಸ ಸರದ ತುದಿಗಳಿಗೆ ಗಂಟಿನ ಬದಲು ಮೇಣ ಮೆತ್ತುವುದು ರೂಢಿಯಾಯಿತು. ಹರಿದ ಸರ ರಿಪೇರಿಗೆ ಬಂದರೆ ಮಾತ್ರ ಗಂಟು ತಾವೇ ಹಾಕುತ್ತಿದ್ದರು. ಹರಿದದ್ದಕ್ಕೆ ಶಾಸ್ತ್ರವಿಲ್ಲ.

ಗಿರಣಿ ಮುಷ್ಕರದ ಮರುವರ್ಷ ನನ್ನ ಮದುವೆ ಗೊತ್ತಾಯಿತು. ನನ್ನ ಸರದ ಕಾಳು ಆ ಬಟ್ಟೆಯ ಮೇಲೆ ವಾರಗಟ್ಟಲೆ ಇದ್ದವು. ಒಂದು ಕಡಲೆಯನ್ನೂ ಬೇಯಿಸಲಿಲ್ಲ. ಸರ ಮುಗಿದಾಗ ನಾನು, "ಕಾಕು, ಇದಕ್ಕ ಗಂಟು ನೀವs ಹಾಕ್ರಿ" ಎಂದೆ. ಅವರ ಕೈ ದಾರದ ಮೇಲೆ ನಿಂತಿತು. ಬಾಗಿಲಲ್ಲಿದ್ದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಕಾಕು ತುದಿಗಳನ್ನು ಅವ್ವನಿಗೆ ಚಾಚಿದರು. ಅವ್ವ ಕಟ್ಟಿದ್ದನ್ನು ನೋಡಿ, "ಬೂಟಿನ ಲೇಸ್ ಅಲ್ಲವಾ ಅದು" ಎಂದು ನಗಿಸಿದರು. ತಾವು ನಗಲಿಲ್ಲ.

ಮದುವೆಯಾಗಿ ಡೊಂಬಿವಲಿಗೆ ಹೋದೆ. ಒಂದು ಬುಧವಾರ ನನ್ನ ಸರದ ಗುಂಡುಗಳನ್ನೆಲ್ಲ ದಾರದ ಸಮೇತ ಕರವಸ್ತ್ರದಲ್ಲಿ ಕಟ್ಟಿಕೊಂಡು ಕಲ್ಯಾಣಕ್ಕೆ ಬಂದೆ.

"ಲೋಕಲ್‌ನ್ಯಾಗ ಮಂದಿ ಗರ್ದಿ ಇತ್ತು ಕಾಕು. ಹರೀತು."

ಅವರು ದಾರದ ತುದಿಯನ್ನು ಬೆಳಕಿಗೆ ಹಿಡಿದರು. ಹರಿದ ದಾರಕ್ಕೆ ಎಳೆ ಬಿಟ್ಟಿರುತ್ತದೆ. ಇದು ನೆಟ್ಟಗಿತ್ತು.

"ಗರ್ದ್ಯಾಗ ಕತ್ತರಿ ತಗೊಂಡು ಯಾರ ಹತ್ತಿದ್ರು?"

ನಾನು ಗುಂಡುಗಳನ್ನು ಕರಿ ಬಟ್ಟೆಯ ಮೇಲೆ ಸುರಿದೆ. ಕಾಕು ಹೊಸ ದಾರವನ್ನು ಹೆಬ್ಬೆರಳಿಗೆ ಸುತ್ತಿ, ಮೊದಲಿನಿಂದ ಪೋಣಿಸಿದರು. ಕೊನೆಗೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ಗಂಟು ಹಾಕಿದರು. ಹಾಕಿದ ಮೇಲೂ ಬೆರಳು ಅದರ ಮೇಲೇ ಇತ್ತು. "ಹರದದ್ದಕ್ಕ ಏನೂ ಇಲ್ಲ" ಎಂದರು, ತಮಗೇ ಹೇಳಿಕೊಂಡಂತೆ. ಅಂದಿನ ಡೈರಿಯಲ್ಲಿ 'ಸರ ರಿಪೇರಿ' ಎಂದಷ್ಟೇ ಬರೆದೆ.

ಆ ಮಳೆಗಾಲದಲ್ಲಿ ಕಾಕುಗೆ ಜ್ವರ ಬಂತು, ಇಳಿಯಲಿಲ್ಲ. ನಾನು ತಲುಪುವಷ್ಟರಲ್ಲಿ ಖೋಲಿಗೆ ಬೀಗ ಬಿದ್ದಿತ್ತು. ಅವರನ್ನು ಸ್ಮಶಾನಕ್ಕೆ ಸಾಗಿಸಿ ಬಂದ ಗಂಡಸರು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು.

ಮೊನ್ನೆ ಬೆಳ್ಳಿ ಅಂಗಡಿಯ ಸರಾಫ ನನ್ನ ಸರ ಎತ್ತಿ ನೋಡಿ, "ಬಾಯಿಯವರೇ, ಧಾಗಾ ಬದಲಿಸಿ, ಪೂರಾ ಸವೆದಿದೆ" ಎಂದ. ಮುಂದಿನ ಸಲ ನೋಡೋಣ ಎಂದು ಎದ್ದು ಬಂದೆ. ಈಗ ಲೋಕಲ್ ಹತ್ತುವಾಗ ಒಂದು ಕೈ ಕೊರಳಿಗೆ ಹೋಗುತ್ತದೆ. ದಾರ ನಿಜವಾಗಿಯೂ ಸವೆದಿದೆ. ಗಂಟು ಮಾತ್ರ ಬಿಗಿಯಾಗಿಯೇ ಇದೆ.