ಅಮ್ಮನ ಪಾಲಿನ ಸೊಪ್ಪು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ಕೊನೆಗೆ, ನಾವು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆಗಿದ್ದೆವು. ಹೆಂಗಸರಿಗೆ ಸುಸ್ತಾಗುತ್ತದೆ ಎಂದರೆ ಆಗೆಲ್ಲ ಅದು ಯಾರಿಗೂ ಕಾಯಿಲೆಯಾಗಿ ಕಾಣುತ್ತಿರಲಿಲ್ಲ. ತಮ್ಮ ಹುಟ್ಟಿ ತಿಂಗಳುಗಳು ಕಳೆದರೂ ಅಮ್ಮ ಗೋಡೆ ಹಿಡಿದೇ ಏಳುತ್ತಿದ್ದಳು. ಒಂದು ಬೆಳಿಗ್ಗೆ ನಲ್ಲಿ ಹತ್ತಿರ ಕೊಡದ ಸಮೇತ ಕುಸಿದಳು. ಕ್ಲಿನಿಕ್ಕಿನ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ತೀರಾ ಕಡಿಮೆ ಇದೆ, ಮಾತ್ರೆ ಜೊತೆ ಸೊಪ್ಪು, ಕಾಳು, ರಾಗಿ ಚೆನ್ನಾಗಿ ತಿನ್ನಬೇಕು, ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದರಂತೆ.

ಸುದ್ದಿ ಕೇಳಿ ಅಮ್ಮನ ತಾಯಿ, ನಮ್ಮಜ್ಜಿ, ಚೇಳೂರಿನಿಂದ ಬಂದಳು. ಚೀಲದ ತುಂಬ ನುಗ್ಗೆಸೊಪ್ಪು, ಹುರುಳಿಕಾಳು, ನೆಲ್ಲಿಕಾಯಿ. ಆ ಚಳಿಗಾಲವೆಲ್ಲ ಮನೆ ಬಸ್ಸಾರಿನ ಬೆಳ್ಳುಳ್ಳಿ ಘಮದಲ್ಲೇ ಇತ್ತು. ಗೆಳತಿಯರು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಕಡ್ಡಿಯಿಂದ ಎಲೆ ಬಿಡಿಸುತ್ತ ಕೂರಬೇಕಿತ್ತು. ಬಿಡಿಸಿದಷ್ಟೂ ಮುಗಿಯದ ಎಲೆ. ಇಷ್ಟಾದರೂ ಅಮ್ಮನ ಮುಖ ಬಿಳಿಚಿಕೊಂಡೇ ಇತ್ತು.

ಒಂದು ಮಧ್ಯಾಹ್ನ ಅಜ್ಜಿಗೆ ಕಾರಣ ಸಿಕ್ಕಿತು. ಅಪ್ಪ, ಅಜ್ಜಿ, ನಾನು ಉಂಡೆದ್ದ ಮೇಲೆ ಅಮ್ಮ ಅಡುಗೆಮನೆ ಮೂಲೆಯಲ್ಲಿ ಬರೀ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿನ್ನುತ್ತಿದ್ದಳು. ಸೊಪ್ಪೆಲ್ಲಿ ಎಂದು ಅಜ್ಜಿ ಕೇಳಿದಳು. ಅವರೂ ಮಗಳೂ ಇನ್ನೊಂಚೂರು ಹಾಕಿಸಿಕೊಂಡರು, ಖಾಲಿಯಾಯಿತು ಎಂದು ಅಮ್ಮ ತಲೆ ತಗ್ಗಿಸಿದಳು. ಅಜ್ಜಿ ಬೈಯಲಿಲ್ಲ.

ಮಾರನೇ ದಿನ ಭಾನುವಾರ. ಅಪ್ಪ ಕೈ ತೊಳೆದು ಬರುವಷ್ಟರಲ್ಲಿ ಅಜ್ಜಿ ಅಮ್ಮನನ್ನು ಕೂರಿಸಿ, ಮೊದಲ ಮುದ್ದೆಯನ್ನು ಅವಳ ತಟ್ಟೆಗಿಟ್ಟು ಪಲ್ಯ ಬಡಿಸಿದ್ದಳು. ಅಪ್ಪನನ್ನು ಕಂಡು ಅಮ್ಮ ಏಳಹೋದಳು.

"ಅವ್ರು ಕಾಯ್ತಾವ್ರೆ ಕಣವ್ವ."

"ಕಾಯ್ಲಿ ಬುಡು," ಅಂದಳು ಅಜ್ಜಿ. "ಅವ್ರಿಗೆ ಊಟ ಬೇಕು. ನಂಗೆ ನನ್ ಮಗ್ಳು ಬೇಕು."

ಅಪ್ಪ ಬಾಗಿಲಲ್ಲೇ ನಿಂತ. ಆಮೇಲೆ ತಾನೇ ಒಂದು ಲೋಟ ನೀರು ತಂದು ಅಮ್ಮನ ಪಕ್ಕ ಇಟ್ಟ. ಅಮ್ಮ ಅಳುತ್ತಲೇ ಉಂಡಳು. ಅವಳು ಏಳುವವರೆಗೂ ನಾವು ಕಾದೆವು.

ಯುಗಾದಿ ಹೊತ್ತಿಗೆ ಅಮ್ಮನ ತುಟಿಗೆ ಬಣ್ಣ ಬಂತು. ಅಜ್ಜಿ ಊರಿನ ಬಸ್ಸು ಹತ್ತಿದಳು. ಸ್ವಲ್ಪ ದಿನಕ್ಕೇ ಅಮ್ಮ ಮತ್ತೆ ಎಲ್ಲರದ್ದೂ ಆದ ಮೇಲೆ ಉಣ್ಣತೊಡಗಿದಳು. ಯಾವತ್ತಿನಿಂದ ಅಂತ ನಮಗೆ ಗೊತ್ತಾಗಲೂ ಇಲ್ಲ.

ಅಜ್ಜಿ ತೀರಿಹೋಗಿ ಬಹಳ ಕಾಲವಾಯಿತು. ಈಗ ನನಗೂ ರಕ್ತ ಕಡಿಮೆಯಂತೆ. ಮೆಡಿಕಲ್ ಶಾಪಿನಲ್ಲಿ ಬಣ್ಣಬಣ್ಣದ ಮಾತ್ರೆಗಳು ಸಿಗುತ್ತವೆ, ತರಕಾರಿ ಅಂಗಡಿಯಲ್ಲಿ ಬಿಡಿಸಿ ಪ್ಯಾಕ್ ಮಾಡಿದ ನುಗ್ಗೆಸೊಪ್ಪೂ ಸಿಗುತ್ತದೆ. ಎಲ್ಲರ ಡಬ್ಬಿ ಕಟ್ಟಿ ಕಳಿಸಿ, ಮಿಕ್ಕಿದ್ದನ್ನು ನಿಂತೇ ತಿಂದು ಮುಗಿಸುತ್ತೇನೆ. ನನ್ನ ತಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡುವವರು ಮಾತ್ರ ಯಾರೂ ಇಲ್ಲ.