ತಾಯಿಫಿನ ಮನೆಯೊಳಗೊಂದು ಜಗಲಿ

ಸೌದಿಯ ತಾಯಿಫಿಗೆ ಹೋದ ಮೊದಲ ಆರು ತಿಂಗಳು ನಾನು ಮಾಡಿದ ಕೆಲಸ ಎರಡೇ: ಬಂಗುಡೆ ಹುರಿಯುವುದು, ಊರಿಗೆ ಹೋಗುವ ಅಂತ ಗಂಡನ ತಲೆ ತಿನ್ನುವುದು. ಎರಡನ್ನೂ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ. ಬೇಸರವಾಗುತ್ತಿತ್ತು ಮಾರಾಯ್ರೆ, ಸುಳ್ಳು ಯಾಕೆ ಹೇಳಲಿ. ಮಂಗಳೂರಿನಲ್ಲಿ ನಾನು ಶಾಲೆಯ ಡ್ರಾಯಿಂಗ್ ಟೀಚರು. ಇಲ್ಲಿ ನನ್ನ ಮಾತು ಕೇಳಲಿಕ್ಕೆ ಇದ್ದದ್ದು ಒಂದು ಫ್ರಿಜ್ಜು ಮಾತ್ರ.

ಗಂಡ ಅಲ್ಲಿನ ಒಂದು ಇಂಟೀರಿಯರ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಯಾರದ್ದಾದರೂ ಮನೆಯಲ್ಲಿ ಸೀಲಿಂಗು ಹೇಗಿರಬೇಕು, ಸೋಫಾ ಎಲ್ಲಿ ಬರಬೇಕು ಎಂದು ನಕ್ಷೆ ಬರೆದುಕೊಡುವುದು ಅವರ ಕೆಲಸ. ಕುವೈತಿನ ಯುದ್ಧ ಮುಗಿದ ಮೇಲಿನ ವರ್ಷಗಳು, ಆಫೀಸಿಗೆ ಕೆಲಸ ಕಡಿಮೆಯಾಗಿತ್ತು. ಇದ್ದ ಇಬ್ಬರು ಡ್ರಾಫ್ಟ್ಸ್‌ಮನ್‌ಗಳಲ್ಲಿ ಒಬ್ಬರನ್ನು ಕಳಿಸಬೇಕಾದೀತು ಎಂದು ಮುದೀರ್, ಅಂದರೆ ಅವರ ಮ್ಯಾನೇಜರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದರು. ಆಮೇಲೆ ಇಬ್ಬರಿಗೂ ಒಂದೊಂದು ಮನೆಯ ಕೆಲಸ ಕೊಟ್ಟರು. ಯಾರಿಗೆ ಸಿಕ್ಕಿದ ಮನೆಯವರು ಖುಷಿಯಾಗುತ್ತಾರೋ ಅವರು ಉಳಿದರು ಅಂತಲೇ ಅದರ ಅರ್ಥ.

ಇವರಿಗೆ ಸಿಕ್ಕಿದ್ದು ಮದುವೆಯ ಮನೆ. ಗಂಡಸರು ಕೂರುವ ಬೈಠಕ್ಕಿನ ಹಾಲ್‌ನ ಕೆಲಸ ಬೇಗ ಮುಗಿಯಿತು. ಜಿಪ್ಸಮ್ ಸೀಲಿಂಗಿನ ತುಂಬ ಬಳ್ಳಿ, ಬಳ್ಳಿಯ ತುಂಬ ಬಂಗಾರದ ಬಣ್ಣ, ಮೂಲೆಯಲ್ಲಿ ನೀರು ಚಿಮ್ಮುವ ಕಾರಂಜಿ. ಕಷ್ಟ ಇದ್ದದ್ದು ಹೆಂಗಸರ ಹಾಲ್‌ನಲ್ಲಿ. ಅಲ್ಲಿ ಮನೆಯ ಅಜ್ಜಿ ನೆಲದ ಮೇಲೆ ಹಾಸಿಗೆ ಹಾಕಿ ಕೂತುಬಿಟ್ಟಿದ್ದರು. ಪರಗಂಡಸು ಟೇಪು ಹಿಡಿದು ಒಳಗೆ ಬರುವ ಮಾತೇ ಇಲ್ಲ.

"ನೀನು ಹೋಗಿ ಅಳತೆ ತೆಗೆದು ಬರುತ್ತೀಯಾ?" ಎಂದರು ಗಂಡ, ನೆಲ ನೋಡುತ್ತಾ.

ಊರಿಗೆ ಹೋಗಬೇಕು ಎಂದು ಅಳುವವಳಿಗೆ ಇದು ಒಳ್ಳೆಯ ಅವಕಾಶವೇ ಸೈ. ಅಳತೆ ತಪ್ಪು ತಂದರಾಯಿತು, ವಿಮಾನದ ಟಿಕೇಟು ತಾನಾಗಿ ಬರುತ್ತದೆ. ಆ ಯೋಚನೆ ಬಂದದ್ದೂ ಹೌದು.

ಆದರೆ ಒಳಗೆ ಕಾಲಿಟ್ಟ ಮೇಲೆ ನನಗೆ ಮರುಳು ಹಿಡಿಯಿತು. ಅಷ್ಟು ದೊಡ್ಡ ಖಾಲಿ ಕೋಣೆ. ನಾನು ಟೇಪಿನ ಒಂದು ತುದಿಯನ್ನು ಅಜ್ಜಿಯ ಕೈಗೆ ಕೊಟ್ಟು ಇನ್ನೊಂದು ಗೋಡೆಗೆ ಓಡುವುದು, ಅಷ್ಟರಲ್ಲಿ ಅಜ್ಜಿ ತುದಿ ಬಿಟ್ಟು ಅದು ಸರ್ರನೆ ಸುತ್ತಿಕೊಳ್ಳುವುದನ್ನು ನೋಡಿ ನಗುವುದು. ಹೀಗೆ ಐದು ಸಲ. ಆರನೆಯ ಸಲ ನಾನೂ ನೆಲಕ್ಕೆ ಕೂತು ನಕ್ಕೆ.

ಮದುಮಗಳು ಆ ಅಜ್ಜಿಯ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ. ನಮ್ಮಿಬ್ಬರ ನಡುವೆ ಅವಳ ಇಂಗ್ಲಿಷೇ ಸೇತುವೆ. ಅವಳಿಗೆ ಎತ್ತರದ ಸೋಫಾ ಬೇಕು. ಮದುವೆಯ ಗೌನು ಹಾಕಿ ನೆಲದಲ್ಲಿ ಕೂತರೆ ಮತ್ತೆ ಏಳಿಸಲಿಕ್ಕೆ ನಾಲ್ಕು ಜನ ಬೇಕಂತೆ. ಅಜ್ಜಿಗೆ ಸೋಫಾ ಬೇಡ. ಕಾಲು ಇಳಿಬಿಟ್ಟರೆ ಮೊಣಕಾಲು ಬಾತುಕೊಳ್ಳುತ್ತದೆ, ಚಕ್ಕಳಮಕ್ಕಳ ಹಾಕಿಯೇ ಕೂರಬೇಕು. ಅಜ್ಜಿಗೆ ಅರಿವೆಯ ಚಿಂತೆ ಅನ್ನುತ್ತಾರಲ್ಲ, ಇಲ್ಲಿ ಅಜ್ಜಿಗೆ ಕಾಲಿನ ಚಿಂತೆ, ಮೊಮ್ಮಗಳಿಗೆ ಲಂಗದ ಚಿಂತೆ. ಇಬ್ಬರೂ ಮಾತು ಬಿಟ್ಟು ಹದಿನೈದು ದಿನವಾಗಿತ್ತು.

ಮನೆಗೆ ಬಂದು ನಾನು ಗಂಡನಿಗೆ ಹೇಳಿದೆ: "ಇವರಿಗೆ ಬೇಕಾದದ್ದು ಜಗಲಿ. ನಮ್ಮ ಊರಿನ ಜಗಲಿಯಲ್ಲಿ ಅಜ್ಜಿ ಗೋಡೆಗೆ ಒರಗಿ ಕಾಲು ಮಡಚಿ ಕೂರುವುದಿಲ್ಲವಾ? ಅದೇ ಜಗಲಿಯ ಅಂಚಿನಲ್ಲಿ ನಾವು ಕಾಲು ನೇತುಹಾಕಿ ಕೂರುವುದಿಲ್ಲವಾ?"

"ಸೌದಿಯವರ ಮನೆಯೊಳಗೆ ಜಗಲಿಯಾ?" ಎಂದರು ಅವರು. ಆದರೆ ಅಷ್ಟರಲ್ಲಿ ಪೆನ್ಸಿಲು ಕೈಗೆ ಬಂದಾಗಿತ್ತು.

ಎತ್ತರ ಎಷ್ಟಿರಬೇಕು? ಊರಿಗೆ ಹೋಗಲಿಕ್ಕೆಂದು ನಾನು ಆಗಲೇ ಖರೀದಿಸಿಟ್ಟಿದ್ದ ನಾಲ್ಕು ಸೂಟ್‌ಕೇಸುಗಳನ್ನು ಗೋಡೆಯ ಪಕ್ಕ ಮಲಗಿಸಿದೆವು, ಮೇಲೆ ಹಾಸಿಗೆ ಹಾಸಿದೆವು. ಗಂಡ ಅಜ್ಜಿಯಾದರು, ನಾನು ಮದುಮಗಳು. ತಲೆಗೆ ಬೈರಾಸು ಸುತ್ತಿ ಮೊಣಕಾಲು ಒತ್ತಿಕೊಳ್ಳುತ್ತಾ ಅವರು ನರಳಿದ ಚಂದ ನೀವು ನೋಡಬೇಕಿತ್ತು. ಕೆಳಗಿನ ಮನೆಯವರು ಕೋಲಿನಿಂದ ಸೀಲಿಂಗು ಕುಟ್ಟುವಷ್ಟು ನಕ್ಕೆವು. ಹಾಗೆ ಕೂತಿದ್ದಾಗಲೇ ನನಗೆ ಹೊಳೆಯಿತು: ನಾವು ಕೂತದ್ದು ಪೆಟ್ಟಿಗೆಯ ಮೇಲೆ, ಪೆಟ್ಟಿಗೆ ಒಳಗೆ ಖಾಲಿ. ಜಗಲಿಯನ್ನೂ ಮರದ ಪೆಟ್ಟಿಗೆಯಾಗಿ ಮಾಡಿ ಮುಚ್ಚಳ ಇಟ್ಟರೆ, ಬಂದ ಹೆಂಗಸರು ಬುರ್ಖಾದ ಹಾಗೆ ಮೇಲೆ ತೊಟ್ಟ ಅಬಾಯಾಗಳನ್ನೆಲ್ಲ ಅದರೊಳಗೆ ಹಾಕಬಹುದು. ಗೋಡೆಯ ಮೇಲೆ ಒಂದು ಕಪ್ಪು ಬಟ್ಟೆಯೂ ನೇತಾಡುವುದಿಲ್ಲ. ಎಂತಹ ತಲೆ ನನ್ನದು ಎಂದು ನನಗೇ ಹೆಮ್ಮೆಯಾಯಿತು.

ಮನೆಯ ಹೆಂಗಸರು ಎರಡು ದಿನ ನೆಂಟರಲ್ಲಿಗೆ ಹೋದಾಗ ಬಡಗಿಗಳು ಪೆಟ್ಟಿಗೆಗಳನ್ನು ತಂದು ಮೂರು ಗೋಡೆಗೆ ಕೂರಿಸಿದರು. ಮೇಲೆ ದಾಳಿಂಬೆ ಬಣ್ಣದ ಮೆತ್ತೆ, ದಿಂಬು. ವಾಪಸು ಬಂದ ಅಜ್ಜಿ ಅಂಚಿನಲ್ಲಿ ಕೂತರು, ಒಂದೊಂದೇ ಕಾಲು ಮೇಲೆಳೆದುಕೊಂಡರು, ಹಿಂದಕ್ಕೆ ಜಾರಿ ಗೋಡೆಗೆ ಒರಗಿದರು. ಮೊಮ್ಮಗಳು ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತಳು. ಇಬ್ಬರ ಭುಜ ಒಂದೇ ಎತ್ತರಕ್ಕೆ ಬಂತು. ಅವತ್ತೇ ಮಾತೂ ಶುರುವಾಯಿತು.

ಮದುವೆಗೆ ಮೊದಲು ಹೆಂಗಸರದ್ದೇ ಒಂದು ಔತಣ. ನನಗೂ ಕರೆ ಬಂತು. ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ನಲವತ್ತಕ್ಕೂ ಮಿಕ್ಕಿ ಹೆಂಗಸರು ಬಂದರು. ಅಜ್ಜಿ ಮುಚ್ಚಳ ಎತ್ತಿ ಎತ್ತಿ ತೋರಿಸಿ ಎಲ್ಲರ ಅಬಾಯಾಗಳನ್ನೂ ತಾವೇ ಒಳಗೆ ತುರುಕಿದರು. ಆಮೇಲೆ ಎಲ್ಲರೂ ಅದರ ಮೇಲೆ ಕೂತರು. ತಿಂದರು, ಕುಣಿದರು, ಕಾವಾ ಕುಡಿದರು.

ಸೂರ್ಯ ಮುಳುಗಿ ಮಗ್ರಿಬ್ ಆಯಿತು. ಕರೆದೊಯ್ಯಲು ಗಂಡಂದಿರ ಕಾರುಗಳು ಬೀದಿಯಲ್ಲಿ ಹಾರನ್ ಹೊಡೆಯತೊಡಗಿದವು. ಮುಚ್ಚಳ ತೆಗೆದರೆ ಒಳಗೆ ನಲವತ್ತು ಕಪ್ಪು ಅಬಾಯಾ, ಎಲ್ಲ ಒಂದೇ ನಮೂನೆ, ಒಂದರ ತೋಳು ಇನ್ನೊಂದರ ಕುತ್ತಿಗೆಗೆ ಸುತ್ತಿಕೊಂಡು ಮುದ್ದೆಯಾಗಿ ಬಿದ್ದಿವೆ. ಅಬಾಯಾ ಇಲ್ಲದೆ ಒಬ್ಬಳೂ ಬಾಗಿಲು ದಾಟುವ ಹಾಗಿಲ್ಲ. ಬಾಗಿಲ ಹಿಂದೆ ಒಂದು ಮೊಳೆ, ಮೊಳೆಯಲ್ಲಿ ಒಂದೇ ಅಬಾಯಾ ಇರುವ ಮನೆಯ ನನಗೆ ಇದು ಹೇಗೆ ತಾನೆ ಹೊಳೆಯಬೇಕು?

ಹೊರಗೆ ಹಾರನ್ ಜೋರಾಯಿತು. ಆ ಕಾರುಗಳ ನಡುವೆ ನನ್ನ ಗಂಡನೂ ನಿಂತಿದ್ದರು. ಅವರ ಕೆಲಸ ಹೋಯಿತು, ಕಳೆದದ್ದು ನಾನೇ ಎಂದು ಗೊತ್ತಾಯಿತು. ಆರು ತಿಂಗಳು ಬೇಡಿಕೊಂಡದ್ದು ಕೊನೆಗೂ ಸಿಗುವ ಹೊತ್ತಿಗೆ ನನಗೆ ಅದು ಬೇಡವಾಗಿತ್ತು. ದೇವರೇ, ನನ್ನನ್ನು ಊರಿಗೆ ಕಳಿಸಬೇಡ ಎಂದು ಆ ಪೆಟ್ಟಿಗೆಯ ಮುಂದೆ ನಿಂತು ಬೇಡಿಕೊಂಡೆ.

ಆಗ ಅಜ್ಜಿ ಒಂದು ಅಬಾಯಾ ಎತ್ತಿ ಮೂಗಿಗೆ ಹಿಡಿದರು. ಮೂಸಿದರು. "ಇದು ದೊಡ್ಡ ಸೊಸೆಯದ್ದು" ಎಂದು ಎಸೆದರು; ಮದುಮಗಳು ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಇನ್ನೊಂದು ಮೂಸಿದರು. "ಇದು ಪಕ್ಕದ ಮನೆಯವಳದ್ದು, ಅಗ್ಗದ ಅತ್ತರು." ಇಡೀ ಹಾಲ್ ನಕ್ಕಿತು. ಒಬ್ಬಳದ್ದು ಗುಲಾಬಿ, ಒಬ್ಬಳದ್ದು ಧೂಪ, ಒಬ್ಬಳದ್ದು ಕೂಸಿನ ಹಾಲಿನ ವಾಸನೆ. ಅಜ್ಜಿ ಏಲಂ ಕೂಗಿದ ಹಾಗೆ ಕೂಗುವುದು, ಅಬಾಯಾ ಹಾರುವುದು. ಒಂದನ್ನು ಮಾತ್ರ ಮೂಸಿ ಮುಖ ಸಿಂಡರಿಸಿದರು, ಮತ್ತೆ ಮೂಸಿದರು, ಆಮೇಲೆ ನನ್ನ ಕಡೆ ತಿರುಗಿದರು. ಹುರಿದ ಬಂಗುಡೆ. ನಾಚಿಕೆಯಿಂದ ಸತ್ತೆ, ಸತ್ತರೂ ನಗು ನಿಲ್ಲಲಿಲ್ಲ. ಮದುಮಗಳ ಕಣ್ಣಿನ ಕಾಡಿಗೆ ಗಲ್ಲದವರೆಗೆ ಇಳಿದಿತ್ತು. ಕೊನೆಯವಳು ಹೊರಟಾಗ ಹಾರನ್ ಶುರುವಾಗಿ ಒಂದು ಗಂಟೆಯ ಮೇಲಾಗಿತ್ತು.

ಎರಡು ದಿನ ನಾನೂ ಗಂಡನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೆಯ ದಿನ ಮುದೀರ್ ಇವರನ್ನು ಕರೆಸಿದರು. ಮಧ್ಯಾಹ್ನ ಮನೆಗೆ ಬಂದ ಗಂಡ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತು ನಡೆದದ್ದನ್ನು ಹೇಳಿದರು. ಅವತ್ತು ಬೀದಿಯಲ್ಲಿ ಹಾರನ್ ಹೊಡೆಯುತ್ತಿದ್ದವರನ್ನು ನಿಲ್ಲಿಸಿದ್ದು ಮನೆಯ ಯಜಮಾನರೇ. ಗೋಡೆಯ ಆಚೆಯಿಂದ ಅವರ ತಾಯಿಯ ನಗು ಕೇಳುತ್ತಿತ್ತಂತೆ. ತಂದೆ ತೀರಿಕೊಂಡ ಮೇಲೆ ಆ ನಗು ಕೇಳಿದ್ದು ಅದೇ ಮೊದಲಂತೆ. ಆ ಹಾಲ್ ಮಾಡಿದವರನ್ನು ಕಳಿಸಬೇಡಿ ಎಂದು ಆಫೀಸಿಗೆ ಬಂದು ಹೇಳಿ ಹೋದರಂತೆ.

"ಅದು ನನ್ನ ಹೆಂಡತಿ ಮಾಡಿದ್ದು ಎಂದೆ" ಅಂದರು ಗಂಡ.

"ನಿಮಗೆಂತ ಹುಚ್ಚಾ? ಸುಮ್ಮನೆ ಇರಬಾರದಿತ್ತಾ?"

"ಮುದೀರಿಗೆ ಮೊದಲೇ ಗೊತ್ತಿತ್ತು. ಗಂಡಸರು ಕಾಲಿಡದ ಕೋಣೆಯ ಅಳತೆ ಆಕಾಶದಿಂದ ಬೀಳುತ್ತದಾ ಎಂದು ಕೇಳಿದರು. ಇನ್ನೂ ಮೂರು ಮನೆಯವರು ಅಂಥದ್ದೇ ಹಾಲ್ ಕೇಳುತ್ತಿದ್ದಾರಂತೆ."

ಆಮೇಲೆ ಮೆಲ್ಲಗೆ, ಕೆಟ್ಟ ಸುದ್ದಿ ಕೊಡುವವರ ಹಾಗೆ, ಕಾಂಟ್ರಾಕ್ಟಿನ ಕಾಗದ ಮೇಜಿನ ಮೇಲಿಟ್ಟರು. ಎರಡು ವರ್ಷ ಎಂದು ಬರೆದಿತ್ತು. ನನಗೆ ಅಳು ಬಂತು.

"ಅಳಬೇಡ ಮಾರಾಯ್ತಿ. ಎರಡೇ ವರ್ಷ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗುತ್ತದೆ."

"ಮೂರು ಕೇಳಬೇಕಿತ್ತು ನೀವು" ಎಂದೆ.